ಟ್ರಾಫಿಕ್ಕಿನ ಪಾಪಕ್ಕೆ ಮರದ ಕುತ್ತಿಗೆ

ಖಡಕಿಯಲ್ಲಿ ಯಾರನ್ನೇ ಕೇಳಿ, ಟ್ರಾಫಿಕ್ಕಿಗೆ ಮದ್ದು ಅವರಿಗೆ ಗೊತ್ತಿರುತ್ತದೆ. ಬಜಾರಿನ ಕಿರಾಣಿ ಅಂಗಡಿಯವರು, ಸ್ಟ್ಯಾಂಡಿನ ರಿಕ್ಷಾದವರು, ಆಮ್ಯುನಿಷನ್ ಫ್ಯಾಕ್ಟರಿಯಿಂದ ನಿವೃತ್ತರಾಗಿ ಇಲ್ಲೇ ನೆಲೆ ನಿಂತ ವಿಜಯಪುರದ ಕಡೆಯ ಹಿರಿಯರು, ಎಲ್ಲರದೂ ಒಂದೇ ರಾಗ: ರಸ್ತೆ ಅಗಲ ಆಗಬೇಕು, ಅಡ್ಡ ನಿಂತ ಮರ ಹೋಗಬೇಕು. "ಆ ಗಿಡಾ ಯಾವಾಗ ತೆಗಿತಾರಂತ್ರಿ?" ಎಂದು ಕೇಳುವವರ ದನಿಯಲ್ಲಿ ದ್ವೇಷವೇನೂ ಇರುವುದಿಲ್ಲ. ತೆಗೆಯಬೇಕೇ ಬೇಡವೇ ಎಂಬ ಮಾತು ಅವರ ಮಟ್ಟಿಗೆ ಎಂದೋ ಇತ್ಯರ್ಥವಾಗಿದೆ, ಉಳಿದಿರುವುದು ಮುಹೂರ್ತ ಮಾತ್ರ. ಆ ಇತ್ಯರ್ಥವನ್ನೇ ನಾನು ಒಪ್ಪುವುದಿಲ್ಲ. ಮರದ ಮೇಲೆ ಹೊರಿಸಿರುವ ಒಂದೊಂದು ಆರೋಪವೂ ಸುಳ್ಳು ಲೆಕ್ಕದ ಮೇಲೆ ನಿಂತಿದೆ.

ಊರು ಗೊತ್ತಿಲ್ಲದವರಿಗೆ ಎರಡು ಮಾತು. ಪುಣೆಯ ವಾಯವ್ಯಕ್ಕೆ, ಮುಳಾ ನದಿಯ ಬದಿಗಿರುವ ದಂಡುಪ್ರದೇಶ ಖಡಕಿ. 1817ರ ನವೆಂಬರ್ 5ರಂದು ಪೇಶ್ವೆ ಎರಡನೇ ಬಾಜೀರಾಯನ ಸೈನ್ಯವನ್ನು ಇಂಗ್ಲಿಷರು ಸೋಲಿಸಿದ್ದು ಇಲ್ಲಿಯೇ. ಆಮೇಲೆ ದಂಡು ಬಂತು, 1869ರಲ್ಲಿ ಮದ್ದುಗುಂಡಿನ ಕಾರ್ಖಾನೆ ಬಂತು, ಸೇನೆಯ ಎಂಜಿನಿಯರ್ ದಳವಾದ ಬಾಂಬೆ ಸ್ಯಾಪರ್ಸ್ ಬಂದರು. ದಂಡಿನ ಭಾಗದಲ್ಲಿ ಅಗಲವಾದ ರಸ್ತೆ, ಎರಡೂ ಕಡೆ ಸಾಲುಮರ. ಬಜಾರಿನ ಭಾಗದಲ್ಲಿ ಒಬ್ಬರ ಮೈಗೆ ಒಬ್ಬರು ತಾಗುವ ಇಕ್ಕಟ್ಟು. ಈ ಹಂಚಿಕೆ ಆಕಸ್ಮಿಕವಲ್ಲ. ಹಿಂದೂಸ್ತಾನದಲ್ಲಿ ಗೋರಾ ಸಿಪಾಯಿಗಳು ಯುದ್ಧಕ್ಕಿಂತ ಹೆಚ್ಚಾಗಿ ಕಾಯಿಲೆಯಿಂದ ಸಾಯುತ್ತಿದ್ದರು. 1863ರಲ್ಲಿ ವರದಿ ಕೊಟ್ಟ ರಾಯಲ್ ಕಮಿಷನ್ ದಂಡುಗಳ ಗಾಳಿ, ನೀರು, ನೈರ್ಮಲ್ಯದ ಮೇಲೆ ಕಣ್ಣಿಟ್ಟಿತು. ಗಾಳಿ ಬೆಳಕು ನೆರಳು ಸಿಪಾಯಿಯ ಪಾಲಿಗೆ, ಇಕ್ಕಟ್ಟು ಬಜಾರಿನ ಪಾಲಿಗೆ. ನಮ್ಮ ಅಜ್ಜಂದಿರ ಮೇಲಿನ ಪ್ರೀತಿಯಿಂದ ಯಾರೂ ಗಿಡ ನೆಡಲಿಲ್ಲ ಎಂಬುದು ನನಗೂ ಗೊತ್ತು. ಆದರೆ ನೆಟ್ಟವರ ಉದ್ದೇಶ ಏನೇ ಇರಲಿ, ಇವತ್ತು ಆ ನೆರಳಿನಲ್ಲಿ ನಿಲ್ಲುವವರು ನಾವು.

ಈಗ ಮೊದಲ ಆರೋಪ: ಮರ ಜಾಗ ತಿನ್ನುತ್ತದೆ. ಅಳತೆ ಪಟ್ಟಿ ಹಿಡಿದು ನೋಡೋಣ. ದೊಡ್ಡದೆನ್ನಿಸುವ ಮರದ ಬುಡಕ್ಕೂ ರಸ್ತೆಯ ಅಂಚಿನಲ್ಲಿ ಬೇಕಾಗುವುದು ಒಂದು, ಒಂದೂವರೆ ಮೀಟರ್. ಅದೂ ಎಂಟು ಹತ್ತು ಮೀಟರಿಗೊಂದು ಕಡೆ. ಅದೇ ರಸ್ತೆಯ ಎರಡೂ ಬದಿಗೆ ನಿಲ್ಲಿಸಿದ ಕಾರುಗಳ ಸಾಲನ್ನು ನೋಡಿ. ಒಂದೊಂದು ಸಾಲು ಸುಮಾರು ಎರಡು ಮೀಟರ್, ಅಂದರೆ ಒಟ್ಟು ನಾಲ್ಕು ಮೀಟರ್, ರಸ್ತೆಯ ಈ ತುದಿಯಿಂದ ಆ ತುದಿಯವರೆಗೆ, ಬೆಳಿಗ್ಗೆಯಿಂದ ರಾತ್ರಿಯವರೆಗೆ. ಓಡುವ ವಾಹನಕ್ಕೆ ಒಂದು ಪೂರ್ತಿ ಸಾಲು ಸಿಗುವಷ್ಟು ಜಾಗ ನಿಂತ ವಾಹನದ ಹೊಟ್ಟೆಗೆ ಹೋಗಿದೆ. ಅದಕ್ಕೆ ಬಾಡಿಗೆ ಇಲ್ಲ, ತೆರಿಗೆ ಇಲ್ಲ, ನೋಟೀಸೂ ಇಲ್ಲ. ಮರ ತೆಗೆಸಿ ಎಂದು ಅರ್ಜಿ ಬರೆಯುವವರು ಅಂಗಡಿಯ ಮುಂದೆ ದಿನವಿಡೀ ನಿಂತ ಕಾರನ್ನು ತೆಗೆಸಿ ಎಂದು ಬರೆದದ್ದನ್ನು ನಾನು ನೋಡಿಲ್ಲ. ಅನೇಕ ಸಲ ಆ ಕಾರು ಅರ್ಜಿದಾರರದೇ.

ಎರಡನೆಯದು, ಅಗಲ ಮಾಡಿದರೆ ದಟ್ಟಣೆ ಕರಗುತ್ತದೆ ಎಂಬ ನಂಬಿಕೆ. ಇದನ್ನು ಒರೆಗೆ ಹಚ್ಚಲು ದೂರ ಹೋಗಬೇಕಿಲ್ಲ. ಬೋಪೋಡಿ ಮತ್ತು ದಾಪೋಡಿಯ ನಡುವೆ ಮುಳಾ ನದಿ ದಾಟಿಸುವ ಹ್ಯಾರಿಸ್ ಸೇತುವೆ ಇಕ್ಕಟ್ಟಾಗಿತ್ತು, ಪಕ್ಕದಲ್ಲೇ ಹೊಸ ಸೇತುವೆಗಳು ಬಂದವು. ಒಳ್ಳೆಯದೇ ಆಯಿತು. ಆದರೆ ದಟ್ಟಣೆ ಎಲ್ಲಿಗೆ ಹೋಯಿತು? ಸೇತುವೆ ಇಳಿದು ಬೋಪೋಡಿ ಚೌಕಕ್ಕೆ, ಅಲ್ಲಿಂದ ಖಡಕಿಯ ಭಾಗಕ್ಕೆ. ಹಳೆಯ ಪುಣೆ-ಮುಂಬೈ ರಸ್ತೆ ಖಡಕಿಯಲ್ಲಿ ಸೇನೆಯ ಭೂಮಿಯ ನಡುವೆ ಹಾಯುವುದರಿಂದ ಅಗಲೀಕರಣ ವರ್ಷಗಟ್ಟಲೆ ಕಡತದಲ್ಲೇ ಮಲಗಿತ್ತು. ರಕ್ಷಣಾ ಇಲಾಖೆ ಜಾಗ ಬಿಟ್ಟುಕೊಟ್ಟ ಮೇಲೆ ಅದೂ ಎದ್ದಿತು. ಇಲ್ಲಿ ಸಡಿಲವಾದ ಗಂಟು ಮುಂದಿನ ಚೌಕದಲ್ಲಿ ಬಿಗಿಯಾಗುತ್ತದೆ. ಆಗ ಆ ಚೌಕದ ಮರಗಳ ಸರದಿ.

ವಿದ್ಯಾಪೀಠ ಚೌಕದ ಕತೆಯಂತೂ ಪಾಠದ ಪುಸ್ತಕಕ್ಕೆ ಸೇರಬೇಕಾದ್ದು. ಖಡಕಿಯಿಂದ ಕೂಗಳತೆಯ ದೂರ. 2008ರ ಕಾಮನ್‌ವೆಲ್ತ್ ಯೂತ್ ಗೇಮ್ಸ್‌ಗೆ ಮುನ್ನ ಗಣೇಶಖಿಂಡ್ ರಸ್ತೆಯಲ್ಲಿ ಮೇಲ್ಸೇತುವೆಗಳನ್ನು ಕಟ್ಟಿದರು. ಇನ್ನು ಟ್ರಾಫಿಕ್ ಇಲ್ಲ ಎಂದರು. ಕಟ್ಟಿ ಒಂದೂವರೆ ದಶಕ ಕಳೆಯುವ ಮೊದಲೇ, 2020ರ ಜುಲೈನಲ್ಲಿ, ಅವನ್ನು ಕೆಡವಿದರು. ಮೆಟ್ರೋ ಮಾರ್ಗಕ್ಕೂ ಎರಡಂತಸ್ತಿನ ಹೊಸ ಸೇತುವೆಗೂ ಹಳೆಯದು ಅಡ್ಡಿ ಎಂದು ಕಾರಣ. ಹೊಸ ಸೇತುವೆಯ ಒಂದು ಭಾಗ ವಾಹನಗಳಿಗೆ ತೆರೆದದ್ದು 2025ರಲ್ಲಿ. ನಡುವಿನ ಐದು ವರ್ಷ ಆ ಚೌಕದಲ್ಲಿ ಸಿಕ್ಕಿಬಿದ್ದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಅದೇ ರಸ್ತೆಯ ಅಗಲೀಕರಣಕ್ಕೆ ಹಳೆಯ ಮರಗಳನ್ನು ಕಡಿಯುವ ವಿಷಯ ಮುಂಬೈ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಕಾಂಕ್ರೀಟಿನ ಲೆಕ್ಕ ತಪ್ಪಿದರೆ ಕೆಡವಿ ಮತ್ತೆ ಕಟ್ಟಬಹುದು. ಮರದ ವಿಷಯದಲ್ಲಿ ಆ ಸೌಲಭ್ಯವಿಲ್ಲ.

ಇದು ಪುಣೆಯೊಂದರ ದುರದೃಷ್ಟವಲ್ಲ. ಅಮೆರಿಕದ ನಗರಗಳನ್ನು ಅಭ್ಯಾಸ ಮಾಡಿದ ಡ್ಯುರಾಂಟನ್ ಮತ್ತು ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ಒಂದು ನೀರಸ ಸತ್ಯವನ್ನು ಅಂಕಿಯಲ್ಲಿ ತೋರಿಸಿದರು: ನಗರದ ಹೆದ್ದಾರಿಯ ಲೇನುಗಳನ್ನು ಎಷ್ಟು ಹೆಚ್ಚಿಸುತ್ತೀರೋ, ಹೆಚ್ಚುಕಮ್ಮಿ ಅದೇ ಪ್ರಮಾಣದಲ್ಲಿ ವಾಹನಗಳ ಓಡಾಟವೂ ಹೆಚ್ಚುತ್ತದೆ. ಹ್ಯೂಸ್ಟನ್ ನಗರದ ಕೇಟಿ ಹೆದ್ದಾರಿಯನ್ನು 2008ರ ಹೊತ್ತಿಗೆ ಕೆಲವೆಡೆ 26 ಲೇನಿನವರೆಗೆ ಹಿಗ್ಗಿಸಿದರು. 2011ರಿಂದ 2014ರ ನಡುವೆ ಅಲ್ಲಿ ಸಂಜೆಯ ಪ್ರಯಾಣದ ವೇಳೆ ಅರ್ಧಕ್ಕಿಂತಲೂ ಹೆಚ್ಚು ಏರಿತು. ಇಪ್ಪತ್ತಾರು ಲೇನಿನಲ್ಲಿ ಹಿಡಿಸದ್ದು ಖಡಕಿಯ ಆರು ಲೇನಿನಲ್ಲಿ ಹಿಡಿಸುತ್ತದೆಯೇ? ಪುಣೆಯಲ್ಲಿ 2018ರ ಹೊತ್ತಿಗೇ ನೋಂದಾಯಿತ ವಾಹನಗಳು 36 ಲಕ್ಷ ದಾಟಿ ಊರಿನ ಜನಸಂಖ್ಯೆಯನ್ನು ಹಿಂದೆ ಹಾಕಿದ್ದವು. ಕಡಿಯಲು ಮರಗಳಾದರೂ ಮುಗಿದಾವು, ವಾಹನ ಮುಗಿಯುವುದಿಲ್ಲ.

ಮೆಟ್ರೋ ಬೇಡವೇ ಎಂದು ತಕ್ಷಣ ಕೇಳುತ್ತಾರೆ. ಬೇಕು. ಬಸ್ಸೂ ಬೇಕು. ಮೆಟ್ರೋದ ಕಂಬಕ್ಕೆ, ನಿಲ್ದಾಣಕ್ಕೆ ಕೆಲವು ಮರ ಹೋಗಲೇಬೇಕಾದರೆ ಹೋಗಲಿ. ಆದರೆ ಮೆಟ್ರೋ ತಂದದ್ದೇ ಕಾರು, ಬೈಕು ಕಮ್ಮಿಯಾಗಲಿ ಎಂದಲ್ಲವೇ? ಹಾಗಿದ್ದ ಮೇಲೆ ಮೆಟ್ರೋದ ಕೆಳಗೆ ಕಾರಿಗಾಗಿ ರಸ್ತೆಯನ್ನು ದುಪ್ಪಟ್ಟು ಮಾಡುವುದು ಯಾವ ತರ್ಕ? ಖಡಕಿಯಲ್ಲಿ ಇದರ ಮೋಜು ಇನ್ನೂ ಹೆಚ್ಚು. ಪಿಂಪ್ರಿಯಿಂದ ಸಿವಿಲ್ ಕೋರ್ಟಿಗೆ ಮೆಟ್ರೋ 2023ರ ಆಗಸ್ಟ್ 1ರಿಂದ ನಮ್ಮ ತಲೆಯ ಮೇಲೆ ಓಡತೊಡಗಿತು, ಆದರೆ ಖಡಕಿಯಲ್ಲಿ ನಿಲ್ಲುತ್ತಿರಲಿಲ್ಲ. ನಿಲ್ದಾಣ ತೆರೆದದ್ದು 2025ರ ಜೂನ್‌ನಲ್ಲಿ. ಆ ಎರಡು ವರ್ಷ ಕೆಳಗೆ ರಸ್ತೆ ಅಗಲವಾಗುತ್ತಲೇ ಇತ್ತು. ಈಗ ನಿಲ್ದಾಣಕ್ಕೆ ನಡೆದು ಹೋಗುವವನಿಗೆ ಬೇಕಾದದ್ದು ಎರಡೇ: ಕಾಲಿಡಲು ಫುಟ್‌ಪಾತು, ತಲೆಯ ಮೇಲೆ ನೆರಳು. ಫುಟ್‌ಪಾತಿನಲ್ಲಿ ನಡೆಯಲು ಕಡಿಮೆ ಎಂದರೂ 1.8 ಮೀಟರ್ ತೆರವಾಗಿರಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮವೇ ಹೇಳುತ್ತದೆ. ಅಗಲೀಕರಣದ ನಕ್ಷೆಯಲ್ಲಿ ಮೊದಲು ಕರಗುವುದು ಇವೆರಡೇ. ನಡೆಯಲಾಗದವನು ಮತ್ತೆ ಬೈಕಿನ ಕೀಲಿ ಹುಡುಕುತ್ತಾನೆ.

ಇನ್ನು ಎಲ್ಲರ ಮನಸ್ಸಾಕ್ಷಿಯನ್ನು ತಣ್ಣಗಿಡುವ ಮಾತು: "ಒಂದು ಕಡಿದರೆ ಹತ್ತು ನೆಡ್ತಾರಲ್ಲ." ಮಹಾರಾಷ್ಟ್ರದ ನಗರ ವೃಕ್ಷ ಸಂರಕ್ಷಣಾ ಕಾಯ್ದೆ 1975ರದು. 2021ರಲ್ಲಿ ಅದಕ್ಕೆ ತಂದ ತಿದ್ದುಪಡಿ ಕಾಗದದ ಮೇಲೆ ನಿಜಕ್ಕೂ ಚೆನ್ನಾಗಿದೆ. ಐವತ್ತು ವರ್ಷ ದಾಟಿದ ಮರ ಪಾರಂಪರಿಕ ಮರ, ಕಡಿದರೆ ಅದರ ವಯಸ್ಸಿನಷ್ಟೇ ಸಸಿ ನೆಡಬೇಕು, ಏಳು ವರ್ಷ ಸಾಕಬೇಕು. ಅರವತ್ತು ವರ್ಷದ ಮರಕ್ಕೆ ಅರವತ್ತು ಸಸಿ. ಕೇಳಲು ಉದಾರವಾಗಿದೆ. ಒಂದು ಸಣ್ಣ ಗಣಿತ ಮಾಡೋಣ. ಇಪ್ಪತ್ತು ಮೀಟರ್ ಹರಡಿದ ಹಳೆಯ ಮಳೆಮರದ ಛತ್ರಿ ಸುಮಾರು 314 ಚದರ ಮೀಟರ್ ನೆಲಕ್ಕೆ ನೆರಳು ಕೊಡುತ್ತದೆ. ಒಂದು ಮೀಟರ್ ಹರಡಿದ ಸಸಿಯ ನೆರಳು ಮುಕ್ಕಾಲು ಚದರ ಮೀಟರ್‌ಗಿಂತ ತುಸು ಹೆಚ್ಚು. ಅರವತ್ತೂ ಬದುಕಿದವು ಎಂದೇ ಇಟ್ಟುಕೊಳ್ಳಿ, ಎಲ್ಲ ಸೇರಿ 47 ಚದರ ಮೀಟರ್, ಹಳೆಯದರ ಆರನೇ ಒಂದು ಪಾಲೂ ಇಲ್ಲ. ಅದೂ ಇಲ್ಲಿ ಅಲ್ಲ, ಊರಾಚೆ ಎಲ್ಲೋ ಗುಡ್ಡದ ಬದಿಯಲ್ಲಿ. ಮನೆಯ ಹಿರಿಯಳನ್ನು ಆಚೆ ಹಾಕಿ, ಪರವೂರಿನಲ್ಲಿ ಹತ್ತು ತೊಟ್ಟಿಲು ಕಟ್ಟಿದ್ದೇವೆ ಎಂದು ಲೆಕ್ಕ ಒಪ್ಪಿಸಿದಂತೆ. ಆ ಗುಡ್ಡದಲ್ಲಿ ಬೆಳೆಯುವ ಸಸಿ ಖಡಕಿ ಬಜಾರಿನಲ್ಲಿ ತರಕಾರಿ ಮಾರುವ ಅವ್ವನ ನೆತ್ತಿಗೆ ಯಾವ ಜನ್ಮಕ್ಕೂ ನೆರಳಾಗುವುದಿಲ್ಲ.

ನೆರಳು ಎಂದರೆ ಕವಿಗಳ ವಿಷಯ ಎಂದು ಎಂಜಿನಿಯರುಗಳು ಅಂದುಕೊಂಡಿದ್ದಾರೆ. ಬೆಂಗಳೂರಿನ ರಸ್ತೆಗಳಲ್ಲಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಅವರ ಮೇಜಿನ ಮೇಲೆ ಇರಬೇಕು. ಮರವಿರುವ ಮತ್ತು ಇಲ್ಲದ ರಸ್ತೆಗಳನ್ನು ಅಕ್ಕಪಕ್ಕ ಅಳೆದಾಗ ಮಧ್ಯಾಹ್ನದ ಗಾಳಿಯ ಉಷ್ಣತೆಯಲ್ಲಿ 5.6 ಡಿಗ್ರಿಯವರೆಗೆ ವ್ಯತ್ಯಾಸ ಕಂಡಿತು, ಡಾಂಬರಿನ ಮೇಲ್ಮೈಯಲ್ಲಿ 27.5 ಡಿಗ್ರಿಯವರೆಗೆ. ಏಪ್ರಿಲ್‌ನಲ್ಲಿ ಬಿಸಿಲು ನಲವತ್ತು ಮುಟ್ಟುವ ಪುಣೆಯಲ್ಲಿ ಆ ಡಾಂಬರಿನ ಪಕ್ಕ ದಿನವಿಡೀ ನಿಲ್ಲುವವರು ಯಾರು? ಎಸಿ ಕಾರಿನಲ್ಲಿ ಹೋಗುವವರಲ್ಲ. ಚಪ್ಪಲಿ ಹೊಲಿಯುವವರು, ರಿಕ್ಷಾದವರು, ಬಸ್ಸಿಗೆ ಕಾಯುವವರು. ಮತ್ತು ನಮ್ಮವರು. ಪುಣೆಯ ಯಾವ ಮಜೂರ್ ಅಡ್ಡಾಕ್ಕೆ ಬೆಳಿಗ್ಗೆ ಹೋದರೂ ಕಲಬುರಗಿ, ಯಾದಗಿರಿ, ವಿಜಯಪುರದ ಮಾತು ಕಿವಿಗೆ ಬೀಳುತ್ತದೆ. ಗುದ್ದಲಿ, ಬುಟ್ಟಿ, ಬುತ್ತಿಯ ಗಂಟು ಪಕ್ಕಕ್ಕಿಟ್ಟು, ಮುಕಾದಮ ಬರುವ ತನಕ ಗಂಡಸರೂ ಹೆಂಗಸರೂ ಕುಕ್ಕರಗಾಲಲ್ಲಿ ಕೂರುವುದು ಮರದ ಬುಡದಲ್ಲೇ. ಕೆಲಸ ಸಿಗದ ದಿನ ಹತ್ತು ಹನ್ನೊಂದರವರೆಗೂ ಅಲ್ಲೇ. ರಸ್ತೆ ಅಗಲ ಮಾಡುವ ಕೂಲಿಗೂ ಅವರೇ ಹೋಗುತ್ತಾರೆ. ಯಾವ ಯೋಜನಾ ವರದಿಯಲ್ಲೂ ಇವರು ರಸ್ತೆ ಬಳಸುವವರ ಪಟ್ಟಿಗೆ ಸೇರುವುದಿಲ್ಲ, ಏಕೆಂದರೆ ಅಲ್ಲಿ ಎಣಿಕೆಯಾಗುವುದು ಗಾಲಿಗಳು ಮಾತ್ರ.

"ಮಳೆಗಾಲದಾಗ ಮೈಮ್ಯಾಲೆ ಬಿದ್ರ ಯಾರು ಹೊಣೆ?" ಇದು ನ್ಯಾಯವಾದ ಭಯ. ಗುಲ್‌ಮೊಹರ್‌ನಂಥ ಮರ ಬಿರುಗಾಳಿಗೆ ಬೀಳುತ್ತದೆ, ಜನ ಸತ್ತದ್ದೂ ಉಂಟು. ಒಣಗಿದ, ಒಳಗೆ ಟೊಳ್ಳಾದ ಮರವನ್ನು ಪರೀಕ್ಷೆ ಮಾಡಿ ತೆಗೆಯಲೇಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಬೀಳುವ ಮರವನ್ನು ಬೀಳುವ ಹಾಗೆ ಮಾಡಿದವರು ಯಾರು ಎಂದು ಬುಡ ಬಗ್ಗಿ ನೋಡಿ. ಬಜಾರಿನ ಕಡೆ ಒಂದು ಬೇವಿನ ಮರವಿದೆ. ಅದರ ಕಾಂಡದ ತೊಗಟೆಗೆ ತಾಗುವಂತೆ ಪೇವಿಂಗ್ ಬ್ಲಾಕ್ ಕೂರಿಸಿ ಸಿಮೆಂಟ್ ಮೆತ್ತಿದ್ದಾರೆ. ಒಂದು ಲೋಟ ನೀರು ಇಳಿಯಲೂ ಸಂದಿಯಿಲ್ಲ. ಎದೆಯೆತ್ತರದಲ್ಲಿ ತುಕ್ಕು ಹಿಡಿದ ಮೊಳೆಗಳು, ಯಾವುದೋ ಹುಟ್ಟುಹಬ್ಬದ ಶುಭಾಶಯದ ಬ್ಯಾನರಿನ ಮೂಲೆ ಇನ್ನೂ ನೇತಾಡುತ್ತಿದೆ. ಸುತ್ತಿ ಬಿಟ್ಟ ದೀಪದ ಸರದ ತಂತಿ ತೊಗಟೆಯೊಳಗೆ ಹೂತುಹೋಗಿದೆ. ರಸ್ತೆಯ ಕಡೆ ಕೇಬಲ್ಲಿಗೆಂದು ಅಗೆದಾಗ ಬೇರು ಕಡಿದಾಗಿದೆ. ಮೇಲೆ ವಿದ್ಯುತ್ ತಂತಿಯ ಬದಿಯ ಕೊಂಬೆಗಳನ್ನಷ್ಟೇ ಮಳೆಗಾಲದ ಮುಂಚೆ ಸವರಿ ಹೋಗಿದ್ದಾರೆ, ಭಾರವೆಲ್ಲ ಒಂದೇ ಕಡೆಗೆ ವಾಲಿದೆ. ಇದು ಬಿದ್ದ ದಿನ "ಮರ ಅಪಾಯಕಾರಿ" ಎಂದು ಸುದ್ದಿಯಾಗುತ್ತದೆ. ಮರದ ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ಇರಕೂಡದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಪ್ರಕರಣವೊಂದರಲ್ಲಿ 2013ರಲ್ಲೇ ಆದೇಶಿಸಿದೆ. ಸುರಕ್ಷೆಯ ಮಾತಾಡುವವರು ಮೊದಲು ಆ ಒಂದು ಮೀಟರ್ ಬಿಡಿಸಲಿ.

ಅಂಗಡಿಯವರ ಲೆಕ್ಕಾಚಾರ ಬೇರೆ: ಮರ ಹೋದರೆ ಬೋರ್ಡು ಕಾಣುತ್ತದೆ, ಗಾಡಿ ನಿಲ್ಲಲು ಜಾಗವಾಗುತ್ತದೆ, ಗಿರಾಕಿ ಬರುತ್ತಾನೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 2006ರ ಸಮೀಕ್ಷೆಯೊಂದರಲ್ಲಿ ಅಂಗಡಿಯವರು ತಮ್ಮ ಗಿರಾಕಿಗಳಲ್ಲಿ ಶೇಕಡಾ 41 ಮಂದಿ ಕಾರಿನಲ್ಲಿ ಬರುತ್ತಾರೆಂದು ಅಂದಾಜು ಮಾಡಿದ್ದರು. ಎಣಿಸಿದರೆ ಶೇಕಡಾ 22. ಕಾರಿನ ದೇಶದಲ್ಲೇ ಹೀಗಾದರೆ, ಕಾಲ್ನಡಿಗೆಯ ಗಿರಾಕಿಯಿಂದ ಬದುಕುವ ಖಡಕಿ ಬಜಾರಿನ ಮಾತೇನು? ಪುಣೆಯ ಲಕ್ಷ್ಮೀ ರಸ್ತೆಯಲ್ಲಿ 2021ರಿಂದ ಡಿಸೆಂಬರ್ 11ರಂದು ಪಾದಚಾರಿ ದಿನ ಆಚರಿಸಿ ವಾಹನ ತಡೆಯುತ್ತಾರೆ. ವರ್ಷಕ್ಕೊಂದು ದಿನದ ಶಾಸ್ತ್ರ ನಿಜ, ಆದರೂ ಅಲ್ಲಿ ಅಡ್ಡಾಡಿ ಬಂದ ಯಾರನ್ನಾದರೂ ಕೇಳಿ ನೋಡಿ. ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಅಂಗಡಿ ದಾಟಿಹೋಗುವವನು ಗಿರಾಕಿಯಲ್ಲ.

ಹೋಗಲಿ, ಇದನ್ನೆಲ್ಲ ಯಾರ ಮುಂದೆ ಹೇಳಿಕೊಳ್ಳಬೇಕು? ಖಡಕಿಯವನ ಪಾಡು ವಿಚಿತ್ರ. ಒಂದು ರಸ್ತೆ ಕಂಟೋನ್ಮೆಂಟ್ ಮಂಡಳಿಯದು, ಇನ್ನೊಂದು ಸೇನೆಯದು, ಮತ್ತೊಂದು ಪಾಲಿಕೆಯದು, ಅದರ ಮೇಲಿನ ಕಂಬ ಮೆಟ್ರೋದವರದು. ಎಲ್ಲಿ ಹೋದರೂ "ಇದು ನಮ್ಮ ಹದ್ದಲ್ಲ" ಎಂಬ ಉತ್ತರ ಸಿದ್ಧ. ಕಂಟೋನ್ಮೆಂಟ್ ಮಂಡಳಿಗೆ ಸೇನಾಧಿಕಾರಿಯೇ ಅಧ್ಯಕ್ಷರು. 2015ರಲ್ಲಿ ಆಯ್ಕೆಯಾದ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. 2023ರ ಏಪ್ರಿಲ್ 30ಕ್ಕೆ ದೇಶದ ಕಂಟೋನ್ಮೆಂಟುಗಳಲ್ಲಿ ಚುನಾವಣೆ ಎಂದು ಘೋಷಿಸಿದರು, ಘೋಷಿಸಿದ ಮರುತಿಂಗಳೇ ಹಿಂದಕ್ಕೆ ಪಡೆದರು. ಸಿವಿಲ್ ಪ್ರದೇಶವನ್ನು ಪಾಲಿಕೆಗೆ ಸೇರಿಸುವ ಮಾತು ಮಾತಾಗಿಯೇ ಸುತ್ತುತ್ತಿತ್ತು. ಅತ್ತ ಪುಣೆ ಪಾಲಿಕೆಯ ಅವಧಿ 2022ರ ಮಾರ್ಚ್‌ನಲ್ಲಿ ಮುಗಿದು, ಮೂರು ವರ್ಷಕ್ಕೂ ಮಿಕ್ಕಿ ಆಡಳಿತಾಧಿಕಾರಿಯ ರಾಜ್ಯವಿತ್ತು. ಗಣೇಶಖಿಂಡ್ ರಸ್ತೆಯ ಕೊಡಲಿ ಎದ್ದದ್ದೂ, ನದಿತೀರದ ಯೋಜನೆಗೆ ಮರ ಕಡಿಯಬೇಡಿ ಎಂದು 2023ರ ಏಪ್ರಿಲ್ 29ರಂದು ಪುಣೆಯ ಜನ ಚಿಪ್ಕೋ ಹೆಸರಿನಲ್ಲಿ ಬೀದಿಗಿಳಿದದ್ದೂ ಇದೇ ಕಾಲದಲ್ಲಿ. ಕಾಯ್ದೆಯ ಪ್ರಕಾರ ಪಾಲಿಕೆಯ ವೃಕ್ಷ ಪ್ರಾಧಿಕಾರಕ್ಕೆ ಆಯುಕ್ತರೇ ಅಧ್ಯಕ್ಷರು. ರಸ್ತೆ ಅಗಲ ಮಾಡುವ ಪ್ರಸ್ತಾಪವೂ ಅವರ ಇಲಾಖೆಯದೇ, ಮರ ಕಡಿಯಲು ಅನುಮತಿ ಕೊಡುವ ಕುರ್ಚಿಯೂ ಅವರದೇ. ಬೇಡುವ ಕೈ, ಕೊಡುವ ಕೈ ಎರಡೂ ಒಂದೇ ಮೈಗೆ ಸೇರಿದ ಮೇಲೆ ಇಲ್ಲವೆನ್ನುವವರು ಯಾರು?

ನಮ್ಮ ಕಡೆ ಇದಕ್ಕಿಂತ ಸುಖವಿದೆ ಎಂದು ಕರ್ನಾಟಕದ ಓದುಗರು ಬೀಗುವ ಹಾಗೂ ಇಲ್ಲ. 2025ರ ಏಪ್ರಿಲ್‌ನಲ್ಲಿ ಮೈಸೂರಿನ ಹೈದರಾಲಿ ರಸ್ತೆಯಲ್ಲಿ ನಲವತ್ತು ಮರಗಳು ಕತ್ತಲಲ್ಲಿ ನೆಲಕ್ಕುರುಳಿದವು, ಅಲ್ಲೂ ಅಗಲೀಕರಣವೇ ಕಾರಣ. ಇತ್ತ ಮುಂಬೈಯ ಆರೆ ಕಾಲೊನಿಯಲ್ಲೂ ಹಾಗೆಯೇ, 2019ರ ಅಕ್ಟೋಬರ್‌ನಲ್ಲಿ ಮರ ಕಡಿಯಬಾರದೆಂಬ ಅರ್ಜಿಯನ್ನು ಹೈಕೋರ್ಟು ತಳ್ಳಿಹಾಕಿದ ರಾತ್ರಿಯೇ ಗರಗಸ ಶುರುವಾಗಿ, ಸುಪ್ರೀಂ ಕೋರ್ಟ್ ತಡೆ ಕೊಡುವಷ್ಟರಲ್ಲಿ 2,141 ಮರಗಳು ಉರುಳಿದ್ದವು. ಜನಹಿತದ ಕೆಲಸವಾದರೆ ಹಗಲು ಹೊತ್ತಿನಲ್ಲಿ ಮಾಡಲು ನಾಚಿಕೆ ಏಕೆ? ಆದರೆ ಬೆಂಗಳೂರಿನಲ್ಲಿ ಬೇರೆ ಥರದ ಉದಾಹರಣೆಯೂ ಇದೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆಗಾಗಿ 812 ಮರ ಕಡಿಯಲು ಹೊರಟಿದ್ದರು. 2016ರ ಅಕ್ಟೋಬರ್ 16ರಂದು ಸಾವಿರಾರು ಜನ "ಬೇಡ" ಎಂಬ ಫಲಕ ಹಿಡಿದು ರಸ್ತೆಯುದ್ದ ನಿಂತರು. ಮುಂದಿನ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ಅದಿಲ್ಲದಿದ್ದರೆ ಊರೇ ನಿಂತುಹೋಗುತ್ತದೆ ಎಂದು ಹೆದರಿಸಿದವರು ಈಗಲೂ ಅದೇ ರಸ್ತೆಯಲ್ಲಿ ವಿಮಾನ ಹಿಡಿಯಲು ಹೋಗುತ್ತಿದ್ದಾರೆ.

ಹಾಗಾಗಿ ಖಡಕಿ, ಬೋಪೋಡಿ, ರೇಂಜ್ ಹಿಲ್ಸ್ ಕಡೆಯ ಕನ್ನಡಿಗರಲ್ಲಿ ನನ್ನದೊಂದು ಬಿನ್ನಹ. ಪಾಲಿಕೆಯ ಹದ್ದಿನಲ್ಲಿ ಮರ ಕಡಿಯುವ ಮೊದಲು ಅದರ ಕಾಂಡಕ್ಕೆ ಮರಾಠಿಯಲ್ಲಿ ನೋಟೀಸು ಅಂಟಿಸಬೇಕು, ಪತ್ರಿಕೆಯಲ್ಲೂ ಕೊಡಬೇಕು. ಆಕ್ಷೇಪಣೆಗೆ ಏಳು ದಿನ. ಅದನ್ನು ಓದದೆ ದಾಟಿಹೋಗಬೇಡಿ, ಫೋಟೋ ತೆಗೆದುಕೊಳ್ಳಿ. ಆಕ್ಷೇಪಣೆಯಲ್ಲಿ ಭಾವುಕತೆ ಬೇಡ, ಪ್ರಶ್ನೆ ಸಾಕು: ಮರದ ವಯಸ್ಸು ಎಷ್ಟು, ಹೇಗೆ ಲೆಕ್ಕ ಹಾಕಿದಿರಿ? ಈ ರಸ್ತೆಯಲ್ಲಿ ಪಾರ್ಕಿಂಗ್‌ಗೆ ಹೋಗಿರುವ ಅಗಲ ಎಷ್ಟು? ಹಿಂದಿನ ಅಗಲೀಕರಣಕ್ಕೆ ಬದಲಾಗಿ ನೆಟ್ಟ ಸಸಿಗಳು ಎಲ್ಲಿವೆ, ಎಷ್ಟು ಬದುಕಿವೆ? ಮರ ಉಳಿಸಿ ಫುಟ್‌ಪಾತ್ ಮಾಡುವ ನಕ್ಷೆ ತಯಾರಿಸಿದ್ದೀರಾ? ದಂಡುಪ್ರದೇಶದವರು ಇದೇ ಪ್ರಶ್ನೆಗಳನ್ನು ಮಂಡಳಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗೆ ಬರೆಯಿರಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಆವಕ ವಿಭಾಗದ ಮೊಹರು ಹಾಕಿಸಿಕೊಂಡೇ ಬನ್ನಿ.